ರೈತ ಕುಟುಂಬದ ಆಹಾರದಲ್ಲಿ ಪೊಟ್ಟಣದ ತಿನಿಸುಗಳ ಪ್ರಮಾಣ: ಅಳೆಯುವ ವಿಧಾನ ಮತ್ತು ಪರ್ಯಾಯಗಳು

ರಾಗಿ, ತೊಗರಿ, ಶೇಂಗಾ ಬೆಳೆಯುವ ಮನೆಗಳಲ್ಲಿಯೂ ಇಂದು ಬೆಳಗಿನ ಚಹಾದೊಂದಿಗೆ ಬಿಸ್ಕತ್ತು, ಮಕ್ಕಳ ಕೈಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ, ಸಂಜೆಗೆ ದಿಢೀರ್ ನೂಡಲ್ಸ್ ಸಾಮಾನ್ಯವಾಗಿವೆ. ಇದು ಪಟ್ಟಣದವರ ಸಮಸ್ಯೆಯೆಂದು ಭಾವಿಸುವುದು ಸರಿಯಲ್ಲ. ಮಣ್ಣು ಪರೀಕ್ಷೆಯಿಲ್ಲದೆ ಗೊಬ್ಬರದ ಪ್ರಮಾಣವನ್ನು ನಿರ್ಧರಿಸಬಾರದೆಂದು ತಾವು ಬಲ್ಲಿರಿ. ಮನೆಯ ಆಹಾರಕ್ರಮವನ್ನೂ ಹಾಗೆಯೇ ಅಂದಾಜಿನಿಂದಲ್ಲ, ಎಣಿಕೆಯಿಂದ ಅರಿಯಬೇಕು.

ಎಲ್ಲ ಸಂಸ್ಕರಣೆಯೂ ಹಾನಿಕರವಲ್ಲ

ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡುವುದು, ದೋಸೆ ಹಿಟ್ಟನ್ನು ಹುದುಗಿಸುವುದು, ಗಾಣದಲ್ಲಿ ಎಣ್ಣೆ ತೆಗೆಯುವುದು ಇವೆಲ್ಲವೂ ಸಂಸ್ಕರಣೆಯೇ. ಮೊಳಕೆ ಬರಿಸುವುದರಿಂದ ರಾಗಿಯಲ್ಲಿನ ಫೈಟೇಟ್ ಅಂಶ ತಗ್ಗಿ, ಖನಿಜಾಂಶಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಬ್ರೆಜಿಲ್ ದೇಶದ ಸಾವೊ ಪೌಲೊ ವಿಶ್ವವಿದ್ಯಾನಿಲಯದ ಕಾರ್ಲೋಸ್ ಮೊಂಟೆರೊ ಮತ್ತು ಸಂಗಡಿಗರು ರೂಪಿಸಿದ ‘ನೋವಾ’ ವರ್ಗೀಕರಣವು ಆಹಾರವನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತದೆ. ಕಾಳು, ತರಕಾರಿ, ಹಾಲು ಮೊದಲ ಗುಂಪು. ಎಣ್ಣೆ, ಬೆಲ್ಲ, ಉಪ್ಪು ಎರಡನೆಯದು. ಇವೆರಡನ್ನು ಕೂಡಿಸಿ ಸರಳವಾಗಿ ತಯಾರಿಸಿದ ಉಪ್ಪಿನಕಾಯಿಯಂತಹವು ಮೂರನೆಯದು. ನಾಲ್ಕನೆಯದು ಅತಿಸಂಸ್ಕರಿತ ಆಹಾರ. ಮನೆಯ ಅಡುಗೆಯಲ್ಲಿ ಎಂದೂ ಬಳಸದ ಸುವಾಸನೆ, ಬಣ್ಣ, ಎಮಲ್ಸಿಫೈಯರ್, ಮಾಲ್ಟೊಡೆಕ್ಸ್‌ಟ್ರಿನ್ ಮುಂತಾದವು ಇದರ ಗುರುತು. ಇಲ್ಲಿ ನಮ್ಮ ಕಾಳಜಿ ಈ ನಾಲ್ಕನೆಯ ಗುಂಪಿನ ಬಗ್ಗೆ ಮಾತ್ರ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಗಮನಾರ್ಹ. 20 ವಯಸ್ಕರಿಗೆ ಎರಡು ವಾರ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸರಳ ಆಹಾರವನ್ನೂ ನೀಡಲಾಯಿತು. ಬಡಿಸಿದ ಆಹಾರದ ಶಕ್ತಿ, ಸಕ್ಕರೆ, ಕೊಬ್ಬು, ನಾರಿನ ಪ್ರಮಾಣಗಳು ಎರಡರಲ್ಲಿಯೂ ಸಮವಾಗಿದ್ದವು. ಎಷ್ಟು ತಿನ್ನಬೇಕೆಂಬುದು ಅವರ ಇಚ್ಛೆಗೆ ಬಿಟ್ಟದ್ದು. ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊ ಕ್ಯಾಲೊರಿ ಹೆಚ್ಚು ಸೇವಿಸಿದರು, ತೂಕವೂ ಸರಾಸರಿ 0.9 ಕಿ.ಗ್ರಾಂ ಏರಿತು. ಅಂದರೆ ದೋಷವನ್ನೆಲ್ಲ ತಿನ್ನುವವರ ನಾಲಿಗೆಯ ಮೇಲೆ ಹೊರಿಸುವಂತಿಲ್ಲ.

ಏಳು ದಿನಗಳ ಎಣಿಕೆ

ಒಂದು ವಾರ ಮನೆಯವರೆಲ್ಲರೂ ತಿಂದ ಪೊಟ್ಟಣಗಳ ಹೊದಿಕೆಗಳನ್ನು ಒಂದು ಚೀಲದಲ್ಲಿ ಕೂಡಿಡಿ. ಹೊಲದ ಕೂಲಿಯವರಿಗೆ ಕೊಟ್ಟ ಬನ್ನು, ಸಂತೆಯಲ್ಲಿ ಕುಡಿದ ತಂಪು ಪಾನೀಯ ಇವುಗಳನ್ನು ಚೀಟಿಯಲ್ಲಿ ಬರೆದು ಸೇರಿಸಿ. ವಾರಾಂತ್ಯದಲ್ಲಿ ಲೆಕ್ಕ ಹಾಕಿದಾಗ, ಊಟಕ್ಕಿಂತ ಊಟಗಳ ನಡುವಿನ ವೇಳೆಯಲ್ಲಿಯೇ ಪೊಟ್ಟಣಗಳು ಹೆಚ್ಚಾಗಿ ಸೇರಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಹತೋಟಿಯೂ ಅಲ್ಲಿಂದಲೇ ಆರಂಭವಾಗಬೇಕು.

ಹೊದಿಕೆಯ ಮೇಲಿನ ಪದಾರ್ಥಗಳ ಪಟ್ಟಿಯು ತೂಕದ ಇಳಿಕೆ ಕ್ರಮದಲ್ಲಿರಬೇಕೆಂಬುದು ನಿಯಮ. ಮೊದಲ ಮೂರು ಹೆಸರುಗಳು ಮೈದಾ, ಸಕ್ಕರೆ, ತಾಳೆ ಎಣ್ಣೆ ಎಂದಿದ್ದರೆ ಮುಂದಿನ ಜಾಹೀರಾತು ಏನೇ ಇರಲಿ, ವಸ್ತು ಅಷ್ಟೇ. ಉಪ್ಪನ್ನು ತಿಳಿಯಲು ಸೋಡಿಯಂ ಮಿಲಿಗ್ರಾಂ ಸಂಖ್ಯೆಯನ್ನು 2.5ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, 800 ಮಿ.ಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ವಯಸ್ಕರಿಗೆ ಇಡೀ ದಿನಕ್ಕೆ 5 ಗ್ರಾಂ ಮೀರಬಾರದು.

ಸಿರಿಧಾನ್ಯ ಬಿಸ್ಕತ್ತುಗಳನ್ನೂ ಇದೇ ಒರೆಗೆ ಹಚ್ಚಬೇಕು. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ನಂತರ ಮೌಲ್ಯವರ್ಧನೆಯ ಹೆಸರಿನಲ್ಲಿ ಬಂದ ಕೆಲವು ಉತ್ಪನ್ನಗಳಲ್ಲಿ ರಾಗಿಗಿಂತ ಮೈದಾ, ಸಕ್ಕರೆಯೇ ಮುಂದಿರುತ್ತವೆ. ಸ್ವಸಹಾಯ ಸಂಘಗಳಿಗೆ ತರಬೇತಿ ನೀಡುವ ವಿಸ್ತರಣಾ ಕಾರ್ಯಕರ್ತರು ಇದನ್ನು ಸಂಕೋಚವಿಲ್ಲದೆ ತಿಳಿಸಬೇಕು. ನಾವೇ ಪ್ರಚಾರ ಮಾಡಿದ ಬೆಳೆ ಎಂಬ ಕಾರಣಕ್ಕೆ ರಿಯಾಯಿತಿ ಸಲ್ಲದು.

ಪರ್ಯಾಯಗಳು

ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 360 ಮಿ.ಗ್ರಾಂ ಸುಣ್ಣಾಂಶ ಇವೆ. ಮೈದಾದಲ್ಲಿ ನಾರು 3 ಗ್ರಾಂಗೂ ಕಡಿಮೆ. ಶೇಂಗಾದಲ್ಲಿ ಕಾಲು ಭಾಗದಷ್ಟು ಪ್ರೋಟೀನ್ ಇದೆ. ಹೀಗಿದ್ದೂ ಫಸಲನ್ನೆಲ್ಲ ಮಾರಿ, ಆ ಹಣದಲ್ಲಿ ಬಿಸ್ಕತ್ತು ಕೊಳ್ಳುವ ವ್ಯವಹಾರ ಲಾಭದಾಯಕವಲ್ಲ. ಕಟಾವಿನ ವೇಳೆಯಲ್ಲಿಯೇ ಮನೆಯ ವರ್ಷದ ಬಳಕೆಗೆ ಬೇಕಾದ ಕಾಳನ್ನು ಪ್ರತ್ಯೇಕಿಸಿ, ಚೆನ್ನಾಗಿ ಒಣಗಿಸಿ ಇಡಿ. ರಾಗಿಗೆ ಕೀಟಬಾಧೆ ಕಡಿಮೆ. ಶೇಂಗಾವನ್ನು ತೇವವಿಲ್ಲದಂತೆ ಸಿಪ್ಪೆಸಹಿತ ಸಂಗ್ರಹಿಸಿ, ಬೂಷ್ಟು ಹಿಡಿದ ಬೀಜವನ್ನು ತಿನ್ನದೆ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು.

ಬೆಳಗಿನ ಬಿಸ್ಕತ್ತಿನ ಬದಲು ಹುರಿಹಿಟ್ಟು ಅಥವಾ ರಾಗಿ ಅಂಬಲಿ, ಶಾಲೆಯಿಂದ ಬಂದ ಮಕ್ಕಳಿಗೆ ಬೇಯಿಸಿದ ಶೇಂಗಾ, ಅವರೆ, ಅಲಸಂದೆ ಅಥವಾ ಹುರಿಗಡಲೆ, ಹೊಲದಲ್ಲಿ ಮಜ್ಜಿಗೆ ಸುಲಭ ಬದಲಾವಣೆಗಳು. ಉತ್ತರ ಕರ್ನಾಟಕದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಿಂತ ಸಿದ್ಧ ತಿನಿಸು ಬೇರೆ ಬೇಕೆ? ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಬೇಕಿಲ್ಲ; ಜಾತ್ರೆ, ಹಬ್ಬಗಳ ತಿಂಡಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ಮಧುಮೇಹ ಇರುವವರು ಮುದ್ದೆಯನ್ನು ಔಷಧಿ ಎಂದು ತಿಳಿಯಬಾರದು. ಅದರಲ್ಲಿಯೂ ಪಿಷ್ಟವೇ ಅಧಿಕ. ಪ್ರಮಾಣವನ್ನು ಮಿತಗೊಳಿಸಿ, ಸೊಪ್ಪಿನ ಸಾರು ಮತ್ತು ಕಾಳುಗಳೊಂದಿಗೆ ಸೇವಿಸಬೇಕು. ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವಗಳಲ್ಲಿ ಚಹಾದೊಂದಿಗೆ ಹಂಚುವ ಬಿಸ್ಕತ್ತನ್ನು ಬಿಟ್ಟು, ಆ ಊರಿನಲ್ಲಿಯೇ ಬೆಳೆದ ಕಾಳಿನ ಉಸಲಿಯನ್ನು ನೀಡುವುದು ಸೂಕ್ತ.