ಹೈಬ್ರಿಡ್ ಸೈಕಲ್ ಕೊಳ್ಳುವ ಮುನ್ನ: ಗೇರಿಗಿಂತ ಮೊದಲು ಟೈರು ನೋಡಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಿಂದ ಯಾವ ದಿಕ್ಕಿಗೆ ಹೊರಟರೂ ಹತ್ತು-ಹದಿನೈದು ಕಿಲೋಮೀಟರಿನೊಳಗೆ ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿ ಹಿಡಿಯಬಹುದು. ಧಾರವಾಡದಿಂದ ನುಗ್ಗಿಕೇರಿ, ಕೆಲಗೇರಿ, ಸೋಮೇಶ್ವರದತ್ತ ಹಾಗೂ ಹುಬ್ಬಳ್ಳಿಯಿಂದ ನೃಪತುಂಗ ಬೆಟ್ಟ, ಉಣಕಲ್ ಕೆರೆಯತ್ತ ಬೆಳಗಿನ ಹೊತ್ತು ಸೈಕಲ್ ತುಳಿಯುವವರಿಗೆ ಈ ಎರಡು ಬಗೆಯ ದಾರಿಯೂ ಪರಿಚಿತ. ವಾರವಿಡೀ ಕಚೇರಿ, ಕಾಲೇಜಿಗೆ ಹೋಗಲು ಒಂದು, ರಜಾದಿನದ ಗುಡ್ಡಗಾಡು ಸವಾರಿಗೆ ಮತ್ತೊಂದು ಸೈಕಲ್ ಇಟ್ಟುಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ. ಎರಡೂ ಕೆಲಸಕ್ಕೆ ಒದಗುವ ಒಂದೇ ಸೈಕಲ್ ಬೇಕೆನ್ನುವವರ ಆಯ್ಕೆಯೇ ಹೈಬ್ರಿಡ್. ಆದರೆ ಅಂಗಡಿಯಲ್ಲಿ ಬಹುತೇಕ ಗ್ರಾಹಕರ ಗಮನ ಗೇರುಗಳ ಸಂಖ್ಯೆ ಮತ್ತು ಮುಂದಿನ ಶಾಕ್ ಅಬ್ಸಾರ್ಬರಿನ ಮೇಲೆ ಹರಿಯುತ್ತದೆ. ಈ ಭಾಗದ ನೆಲಕ್ಕೆ ಸೈಕಲ್ ಒಗ್ಗುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮಾತ್ರ ಟೈರು ಮತ್ತು ಅದರ ಸುತ್ತಲಿನ ಜಾಗ.

ಹೈಬ್ರಿಡ್ ಎಂದರೇನು?

ರೋಡ್ ಬೈಕಿನ ದೊಡ್ಡ, ಹಗುರ ಗಾಲಿ ಹಾಗೂ ಮೌಂಟನ್ ಬೈಕಿನ ನೇರ ಹ್ಯಾಂಡಲ್, ನೆಟ್ಟಗೆ ಕುಳಿತುಕೊಳ್ಳುವ ಭಂಗಿ ಇವೆರಡನ್ನೂ ಕೂಡಿಸಿದ್ದು ಹೈಬ್ರಿಡ್. ಇದರ ಗಾಲಿಗೆ ಸಾಮಾನ್ಯವಾಗಿ 700ಸಿ ಎಂಬ ಅಳತೆ ಇರುತ್ತದೆ. ಟೈರಿನ ಅಗಲ ಹೆಚ್ಚಾಗಿ 32ರಿಂದ 42 ಮಿ.ಮೀ. ಮೌಂಟನ್ ಬೈಕಿನ ಟೈರು ಇದಕ್ಕಿಂತ ಬಹಳ ದಪ್ಪ, ರೋಡ್ ಬೈಕಿನದು ತೆಳು. ಹೀಗಾಗಿ ಹೈಬ್ರಿಡ್ ಡಾಂಬರಿನ ಮೇಲೆ ಮೌಂಟನ್ ಬೈಕಿಗಿಂತ ವೇಗವಾಗಿಯೂ, ಮಣ್ಣುದಾರಿಯಲ್ಲಿ ರೋಡ್ ಬೈಕಿಗಿಂತ ಭದ್ರವಾಗಿಯೂ ಸಾಗುತ್ತದೆ. ಎರಡರಲ್ಲೂ ಅತ್ಯುತ್ತಮ ಎನಿಸಿಕೊಳ್ಳುವುದು ಮಾತ್ರ ಅದರಿಂದ ಆಗದು. ಬಂಡೆಗಳ ಇಳಿಜಾರು, ಆಳವಾದ ಕೊರಕಲು ಇದರ ಕ್ಷೇತ್ರವಲ್ಲ.

ಎರೆ ಮತ್ತು ಮಸಾರಿ

ಧಾರವಾಡ ಜಿಲ್ಲೆಯ ನೆಲ ಸ್ಥೂಲವಾಗಿ ಎರಡು ಭಾಗವಾಗಿದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ, ಆಗ್ನೇಯಕ್ಕೆ ಕುಂದಗೋಳದ ಕಡೆ ಎರೆ ಭೂಮಿ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಮಲೆನಾಡಿನ ಅಂಚಿನ ಕೆಂಪು ಮಸಾರಿ ಭೂಮಿ.

ಮಸಾರಿ ನೆಲದಲ್ಲಿ ನೀರು ಬೇಗ ಬಸಿದು ಹೋಗುವುದರಿಂದ ಮಳೆ ನಿಂತ ಕೆಲ ಹೊತ್ತಿಗೆ ದಾರಿ ಸವಾರಿಗೆ ಯೋಗ್ಯವಾಗುತ್ತದೆ. ಇಲ್ಲಿನ ತೊಂದರೆ ಸಡಿಲ ಗರಸು. ತಿರುವಿನಲ್ಲಿ ತೆಳು, ನುಣುಪು ಟೈರು ಜಾರುತ್ತದೆ. ಎರೆಮಣ್ಣಿನ ಸ್ವಭಾವವೇ ಬೇರೆ. ಜೇಡಿ ಹೆಚ್ಚಿರುವ ಈ ಮಣ್ಣು ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತೆಳು ಟೈರು ಸಿಕ್ಕಿಕೊಂಡರೆ ಸವಾರ ಬೀಳುವುದು ಖಚಿತ. ಹಸಿ ಎರೆಮಣ್ಣು ಟೈರಿಗೆ ಪದರ ಪದರವಾಗಿ ಅಂಟಿ, ಮಡ್‌ಗಾರ್ಡ್ ಮತ್ತು ಫೋರ್ಕಿನ ನಡುವೆ ತುಂಬಿ, ಕೊನೆಗೆ ಗಾಲಿ ತಿರುಗದಂತೆ ಹಿಡಿದುಬಿಡುತ್ತದೆ. ಮಳೆಗಾಲದಲ್ಲಿ ಹೊಲದ ಎರೆ ದಾರಿಗೆ ಯಾವ ಸೈಕಲ್ಲೂ ಹೊಂದುವುದಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಉಳಿದ ತಿಂಗಳುಗಳಿಗೆ ನೋಡಬೇಕಾದದ್ದು ಟೈರು ಮತ್ತು ಫ್ರೇಮಿನ ನಡುವಿನ ತೆರವು.

ಟೈರು: ಮೊದಲ ಪರೀಕ್ಷೆ

ಅವಳಿ ನಗರದ ಮಿಶ್ರ ಸವಾರಿಗೆ 38ರಿಂದ 42 ಮಿ.ಮೀ. ಅಗಲದ ಟೈರು ಸೂಕ್ತ. ನಡುವೆ ನುಣುಪಾಗಿದ್ದು ಅಂಚಿನಲ್ಲಿ ಗುಬ್ಬಿಗಳಿರುವ ಟೈರು ಡಾಂಬರಿನ ಮೇಲೆ ಸರಾಗವಾಗಿ ಉರುಳುತ್ತದೆ, ಗರಸಿನ ತಿರುವಿನಲ್ಲಿ ಹಿಡಿತವನ್ನೂ ಕೊಡುತ್ತದೆ. ಕೆಲವು ಹೈಬ್ರಿಡ್‌ಗಳು 32 ಅಥವಾ 35 ಮಿ.ಮೀ. ಟೈರಿನೊಡನೆ ಬರುತ್ತವೆ. ಅಂಥವುಗಳಲ್ಲಿ ಮುಂದೆ ದಪ್ಪ ಟೈರು ಹಾಕಲು ಫ್ರೇಮಿನಲ್ಲಿ ಜಾಗವಿದೆಯೇ ಎಂದು ಕೇಳಬೇಕು. ಟೈರಿನ ಎರಡೂ ಬದಿಗೆ, ಮೇಲ್ಭಾಗಕ್ಕೆ ಕಿರುಬೆರಳು ಸಲೀಸಾಗಿ ಹೋಗುವಷ್ಟು ತೆರವಿದ್ದರೆ ಕೆಸರಿಗೂ, ಮಡ್‌ಗಾರ್ಡಿಗೂ ಅವಕಾಶವಿದೆ ಎಂದರ್ಥ.

ಈ ಭಾಗದ ಇನ್ನೊಂದು ಶತ್ರು ಜಾಲಿಮುಳ್ಳು. ಪಂಕ್ಚರ್ ತಡೆಯುವ ಪದರವಿರುವ ಟೈರು ಅಥವಾ ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವಕ್ಕೆ ಮಾಡುವ ಖರ್ಚು ವ್ಯರ್ಥವಲ್ಲ. ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಸಿಗುವ 28 ಇಂಚಿನ ಟೈರು 700ಸಿ ಗಾಲಿಗೆ ಕೂರುವುದಿಲ್ಲ. ಹಳೆಯ ಮಾದರಿಯ 28 ಇಂಚಿನ ರಿಮ್ಮಿನಲ್ಲಿ ಟೈರು ಕೂರುವ ವ್ಯಾಸ 635 ಮಿ.ಮೀ., 700ಸಿಯದ್ದು 622. ಆದರೆ ತುರ್ತಿನಲ್ಲಿ ಆ ಟ್ಯೂಬು ಕೆಲಸಕ್ಕೆ ಬರುತ್ತದೆ, ರಿಮ್ಮಿನ ರಂಧ್ರ ಅದರ ವಾಲ್ವಿಗೆ ಸಾಲುವಷ್ಟಿದ್ದರೆ. ಸ್ಕೂಟರ್ ಟ್ಯೂಬಿನಂತಹ ದಪ್ಪ ಶ್ರೇಡರ್ ವಾಲ್ವಿನ ಗಾಲಿಯಲ್ಲಿ ಈ ಅನುಕೂಲವಿದೆ. ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಿಸಬಹುದು. ತೆಳು ಪ್ರೆಸ್ಟಾ ವಾಲ್ವಿದ್ದರೆ ಅಡಾಪ್ಟರ್, ಕೈಪಂಪು, ಬದಲಿ ಟ್ಯೂಬು ಜೊತೆಗಿರಲೇಬೇಕು.

ಸಸ್ಪೆನ್ಷನ್ ಬೇಕೇ?

ಹೈಬ್ರಿಡ್‌ಗಳ ಮುಂದಿನ ಸಸ್ಪೆನ್ಷನ್ ಫೋರ್ಕು ಹೆಚ್ಚಾಗಿ 50-63 ಮಿ.ಮೀ. ಮಾತ್ರ ಕುಗ್ಗುತ್ತದೆ. ಅಗ್ಗದ ಸ್ಪ್ರಿಂಗ್ ಫೋರ್ಕು ಸಾದಾ ಫೋರ್ಕಿಗಿಂತ ಸುಮಾರು ಒಂದು ಕಿಲೋ ಹೆಚ್ಚು ತೂಗುತ್ತದೆ, ಏರಿನಲ್ಲಿ ತುಳಿದ ಬಲದ ಒಂದು ಪಾಲನ್ನು ನುಂಗುತ್ತದೆ, ದೂಳು ಸೇರಿ ಕೆಲ ವರ್ಷಗಳಲ್ಲಿ ಬಿಗಿಯಾಗುತ್ತದೆ. ಸಾದಾ ಫೋರ್ಕು ಮತ್ತು 40 ಮಿ.ಮೀ. ಟೈರು ಇದ್ದರೆ ಮಣ್ಣುದಾರಿಗೆ ಇಳಿಯುವಾಗ ಗಾಳಿಯನ್ನು ತುಸು ಕಡಿಮೆ ಮಾಡಿದರೂ ಕುಲುಕಾಟ ಬಹುಮಟ್ಟಿಗೆ ತಗ್ಗುತ್ತದೆ. ಗಾಳಿಯ ಒತ್ತಡ ಟೈರಿನ ಬದಿಯಲ್ಲಿ ಮುದ್ರಿಸಿರುವ ಮಿತಿಯೊಳಗೆ ಇರಬೇಕಷ್ಟೆ. ಸವಾರಿಯ ಅರ್ಧಕ್ಕಿಂತ ಹೆಚ್ಚು ಕಲ್ಲುದಾರಿಯಲ್ಲೇ ಆಗುವುದಾದರೆ ಹೈಬ್ರಿಡ್ ಬಿಟ್ಟು ಮೌಂಟನ್ ಬೈಕ್ ಕೊಳ್ಳುವುದು ಲೇಸು. ಸಸ್ಪೆನ್ಷನ್ ಬೇಕೇಬೇಕು ಎನ್ನುವವರು ಅದನ್ನು ಡಾಂಬರಿನ ಮೇಲೆ ಬಂದ್ ಮಾಡುವ ಲಾಕ್‌ಔಟ್ ಇರುವುದನ್ನು ಆರಿಸಬೇಕು.

ಗೇರು: ಸಂಖ್ಯೆಯಲ್ಲ, ಅನುಪಾತ

'21 ಗೇರು', '24 ಗೇರು' ಎಂಬ ಬರಹಕ್ಕೆ ಮರುಳಾಗಬೇಕಿಲ್ಲ. ಮುಂದೆ ಮೂರು, ಹಿಂದೆ ಏಳು ಚಕ್ರಗಳಿದ್ದರೆ 21 ಆಗುತ್ತದೆ. ಆದರೆ ಅವುಗಳಲ್ಲಿ ಹಲವು ಅನುಪಾತಗಳು ಒಂದನ್ನೊಂದು ಹೋಲುತ್ತವೆ. ನೋಡಬೇಕಾದದ್ದು ಅತಿ ಹಗುರ ಗೇರನ್ನು. ಮುಂದಿನ ಚಿಕ್ಕ ಚಕ್ರದಲ್ಲಿ 28 ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲಿ 34 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿ 0.82 ಸುತ್ತು ತಿರುಗುತ್ತದೆ. ಹಿಂದಿನದೂ 28 ಹಲ್ಲಾದರೆ ಪೂರ್ತಿ ಒಂದು ಸುತ್ತು. ಧಾರವಾಡದ ದಿಬ್ಬಗಳಲ್ಲಿ, ನೃಪತುಂಗ ಬೆಟ್ಟದ ಏರಿನಲ್ಲಿ, ಮುಂಗಾರಿನ ಎದುರುಗಾಳಿಯಲ್ಲಿ ಈ ವ್ಯತ್ಯಾಸ ಮೊಣಕಾಲಿಗೆ ತಿಳಿಯುತ್ತದೆ. ಈ ಅನುಪಾತ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವುದು ಅನುಕೂಲ.

ಬ್ರೇಕು

ರಿಮ್ಮನ್ನು ಹಿಡಿಯುವ ವಿ-ಬ್ರೇಕ್ ಅಗ್ಗ, ಹಗುರ. ರಿಪೇರಿ ಎಲ್ಲೆಡೆ ಸಾಧ್ಯ. ಆದರೆ ರಿಮ್ ಒದ್ದೆಯಾದಾಗ ಹಿಡಿತ ತಗ್ಗುತ್ತದೆ, ಕೆಸರು ಮೆತ್ತಿದ ರಿಮ್ ಬೇಗ ಸವೆಯುತ್ತದೆ. ಮಳೆಯಲ್ಲೂ ಸವಾರಿ ಬಿಡದವರಿಗೆ ಡಿಸ್ಕ್ ಬ್ರೇಕ್ ಸುರಕ್ಷಿತ. ಕೇಬಲಿನಿಂದ ನಡೆಯುವ ಮೆಕ್ಯಾನಿಕಲ್ ಡಿಸ್ಕನ್ನು ಸಾಮಾನ್ಯ ಕುಶಲಕರ್ಮಿಯೂ ಸರಿಪಡಿಸಬಲ್ಲ. ಹೈಡ್ರಾಲಿಕ್ ಡಿಸ್ಕಿನ ಹಿಡಿತ ಹೆಚ್ಚು ನಯವಾದುದು. ಆದರೆ ಅದರ ದ್ರವ ಬದಲಿಸಲು ಪರಿಣತರು, ಸಲಕರಣೆ ಬೇಕು.

ಅಳತೆ ತಪ್ಪಿದರೆ

ತಪ್ಪು ಅಳತೆಯ ಫ್ರೇಮನ್ನು ಯಾವ ಬಿಡಿಭಾಗವೂ ಸರಿಪಡಿಸಲಾರದು. ಮೇಲಿನ ಕೊಳವೆಯ ಎರಡೂ ಬದಿಗೆ ಕಾಲೂರಿ ನಿಂತಾಗ ಕೊಳವೆಗೂ ತೊಡೆಸಂದಿಗೂ ನಡುವೆ 3ರಿಂದ 5 ಸೆಂ.ಮೀ. ಅಂತರ ಇರಬೇಕು. ಸೀಟಿನ ಮೇಲೆ ಕುಳಿತು ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಬಳಸುವುದರಿಂದ ಮೊಣಕಾಲು ಬೇಕಾದಷ್ಟು ಬಾಗುತ್ತದೆ. 'ಮಗ ಬೆಳೆಯುತ್ತಾನೆ' ಎಂದು ದೊಡ್ಡ ಸೈಕಲ್ ಕೊಡಿಸುವ ರೂಢಿ ಗರಸಿನ ಇಳಿಜಾರಿನಲ್ಲಿ ಅಪಾಯಕ್ಕೆ ದಾರಿ.

ಬೆಲೆ ಮತ್ತು ಉಳಿದ ಖರ್ಚು

ಸೈಕಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5ಕ್ಕೆ ಇಳಿದಿದೆ. ಬೆಲೆ ಕೇಳುವಾಗ ಇದು ನೆನಪಿರಲಿ. ಹೈಬ್ರಿಡ್ ಸಾಮಾನ್ಯವಾಗಿ ಮಡ್‌ಗಾರ್ಡ್, ಕ್ಯಾರಿಯರ್, ದೀಪಗಳಿಲ್ಲದೆ ಬರುತ್ತದೆ. ಇವುಗಳಿಗೂ ಹೆಲ್ಮೆಟ್, ಬೀಗ, ಪಂಪಿಗೂ ಮೊದಲೇ ಹಣ ತೆಗೆದಿಡಬೇಕು. ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಕೂಡಿಸಲು ಫ್ರೇಮಿನಲ್ಲಿ ಸ್ಕ್ರೂ ರಂಧ್ರಗಳಿವೆಯೇ ಎಂದು ಪರಿಶೀಲಿಸುವುದೂ ಅಗತ್ಯ.

ದೀಪದ ಖರ್ಚನ್ನು ಮಾತ್ರ ಉಳಿಸಬಾರದು. ಪಿ.ಬಿ. ರಸ್ತೆಯಲ್ಲಿ ಚಿಗರಿ ಬಸ್ಸುಗಳಿಗಾಗಿ ನಿರ್ಮಿಸಿದ ನಡುಪಥ ಸೈಕಲ್ ಸವಾರರಿಗಾಗಿ ಅಲ್ಲ. ಅವರು ಉಳಿದ ವಾಹನಗಳ ಜೊತೆಗೇ ಸಾಗಬೇಕು. ಬೈಪಾಸ್ ರಸ್ತೆಯಂತೂ ಲಾರಿಗಳ ದಾರಿ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ನಡೆದ ಒಂದೇ ಅಪಘಾತದಲ್ಲಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಂದೆ ಮಿನುಗುವ ಕೆಂಪು ದೀಪ, ಮುಂದೆ ಬಿಳಿ ದೀಪ, ಪ್ರತಿಫಲಕವಿರುವ ಅಂಗಿ ಬೆಳಗಿನ ಮಬ್ಬುಗತ್ತಲಿನಲ್ಲಿ ಜೀವರಕ್ಷಕಗಳು. ಹಳಿಯಾಳ ದಾಟಿ ದಾಂಡೇಲಿಯ ಕಾಡುದಾರಿಗೆ ಇಳಿಯುವ ಯೋಚನೆ ಇದ್ದವರು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಿರ್ಬಂಧಗಳನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಬೇಕು.

ಹಣ ಕೊಡುವ ಮುನ್ನ ಒಂದು ವಾರದ ಸವಾರಿಯನ್ನು ಕಾಗದದ ಮೇಲೆ ಬರೆದು ನೋಡುವುದು ಒಳಿತು: ಡಾಂಬರು ಎಷ್ಟು ಕಿಲೋಮೀಟರ್, ಮಸಾರಿ ಎಷ್ಟು, ಎರೆ ಎಷ್ಟು. ಮುಕ್ಕಾಲು ಪಾಲು ಡಾಂಬರು, ಉಳಿದದ್ದು ಗಟ್ಟಿ ಮಣ್ಣುದಾರಿ ಎಂದಾದರೆ ದಪ್ಪ ಟೈರು, ಸಾದಾ ಫೋರ್ಕು, ಹಗುರ ಗೇರು ಇರುವ ಹೈಬ್ರಿಡ್ ಹಲವು ವರ್ಷ ಒದಗುತ್ತದೆ.