ಸ್ಟೆಪರ್ ಮೋಟಾರ್ ಕಂಟ್ರೋಲರ್: ಕಂಪ್ಯೂಟರ್ ಇಲ್ಲದ ಕಾರ್ಯಾಗಾರದ ಎಣಿಕೆ ಯಂತ್ರ

ಮಳೆಯನ್ನೇ ನೆಚ್ಚಿಕೊಂಡ ಕುಷ್ಟಗಿ, ಯಲಬುರ್ಗಾ ಭಾಗದ ಹೊಲಗಳಲ್ಲಿ ಹಿಂದೆ ಬೀಜದ ಅಂತರವನ್ನು ನಿರ್ಧರಿಸುತ್ತಿದ್ದುದು ಕೂರಿಗೆಯ ಬಟ್ಟಲಿಗೆ ಕಾಳು ಬಿಡುವವರ ಕೈ. ಟ್ರ್ಯಾಕ್ಟರ್‌ನಿಂದ ಎಳೆಯುವ ಕೂರಿಗೆಗಳಲ್ಲಿ ಆ ಕೆಲಸವನ್ನು ಅಂಚಿನಲ್ಲಿ ಸಮಾನ ಅಂತರದ ರಂಧ್ರಗಳಿರುವ ಒಂದು ದುಂಡು ತಟ್ಟೆ ಮಾಡುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿಯೂ ಗೇರುಗಳು, ಚೈನ್ ಚಕ್ರಗಳು ಸವೆಯುತ್ತಲೇ ಇರುತ್ತವೆ. ಈ ಎಲ್ಲ ವಸ್ತುಗಳ ತಯಾರಿಕೆಯಲ್ಲಿ ಎದುರಾಗುವ ಸಮಸ್ಯೆ ಒಂದೇ: ವೃತ್ತವೊಂದನ್ನು ತಪ್ಪಿಲ್ಲದೆ ಸಮಭಾಗ ಮಾಡುವುದು.

ಇದಕ್ಕೆ ಮಿಲ್ಲಿಂಗ್ ಯಂತ್ರದ ಮೇಲೆ ಡಿವೈಡಿಂಗ್ ಹೆಡ್ ಅಥವಾ ರೋಟರಿ ಟೇಬಲ್ ಬಳಸಿ, ತೂತುಗಳ ತಟ್ಟೆ ನೋಡಿಕೊಂಡು ಕೈಯಿಂದ ಹಿಡಿ ತಿರುಗಿಸುವುದು ರೂಢಿ. ಒಂದು ಹಲ್ಲಿಗೆ ಎಣಿಕೆ ತಪ್ಪಿದರೆ ಇಡೀ ಗೇರು ಗುಜರಿಗೆ. ಸ್ವತಂತ್ರ ಸ್ಟೆಪರ್ ಮೋಟಾರ್ ಕಂಟ್ರೋಲರ್ ಈ ಎಣಿಕೆಯ ಹೊಣೆಯನ್ನು ವಹಿಸಿಕೊಳ್ಳುವ ಸಣ್ಣ ಪೆಟ್ಟಿಗೆ. ಕೆಲವು ಗುಂಡಿಗಳು, ಎರಡು ಸಾಲಿನ ಅಕ್ಷರಫಲಕ, ಒಳಗೊಂದು ಮೈಕ್ರೋಕಂಟ್ರೋಲರ್, ಮೋಟಾರಿಗೆ ವಿದ್ಯುತ್ ಉಣಿಸುವ ಡ್ರೈವರ್: ಇಷ್ಟೇ ಅದರ ಸಂಸಾರ. ಹಿಂದೆ ಹವ್ಯಾಸಿಗಳು ಹಳೆಯ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಿಂದ ಸಂಕೇತ ಪಡೆದು ಮೋಟಾರು ಓಡಿಸುತ್ತಿದ್ದರು. ಇಟಲಿಯ ಇವ್ರೆಯಾದಲ್ಲಿ 2005ರಲ್ಲಿ ಹುಟ್ಟಿದ ಆರ್ಡುಯಿನೊದಂತಹ ಅಗ್ಗದ ಫಲಕಗಳು ಬಂದ ಮೇಲೆ, ಕಬ್ಬಿಣದ ಧೂಳಿನ ನಡುವೆ ಕಂಪ್ಯೂಟರ್ ಇಡುವ ಅಗತ್ಯ ಉಳಿಯಲಿಲ್ಲ.

ಕಾರ್ಯವಿಧಾನ

ಸಾಮಾನ್ಯ ಮೋಟಾರು ವಿದ್ಯುತ್ ಕೊಟ್ಟರೆ ತಿರುಗುತ್ತಲೇ ಇರುತ್ತದೆ. ಸ್ಟೆಪರ್ ಮೋಟಾರು ಒಂದು ಸಂಕೇತಕ್ಕೆ ಒಂದು ಹೆಜ್ಜೆ ಮಾತ್ರ ಇಡುತ್ತದೆ. ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಒಂದು ಸುತ್ತಿಗೆ 200 ಹೆಜ್ಜೆ, ಅಂದರೆ ಹೆಜ್ಜೆಗೆ 1.8 ಡಿಗ್ರಿ. ಹಿಡಿಯ 90 ಸುತ್ತಿಗೆ ಒಮ್ಮೆ ತಿರುಗುವ ರೋಟರಿ ಟೇಬಲ್ಲಿಗೆ ಇದನ್ನು ಜೋಡಿಸಿದರೆ ಟೇಬಲ್ಲಿನ ಪೂರ್ಣ ಸುತ್ತು 18,000 ಹೆಜ್ಜೆಗಳಾಗುತ್ತದೆ. ಒಂದು ಹೆಜ್ಜೆ 0.02 ಡಿಗ್ರಿ. 24 ರಂಧ್ರಗಳ ಬೀಜದ ತಟ್ಟೆಗೆ ಲೆಕ್ಕ ಸಲೀಸು: ರಂಧ್ರಕ್ಕೆ 750 ಹೆಜ್ಜೆ. ಹೊಸಬರು ಈ ತಟ್ಟೆಯಿಂದಲೇ ಆರಂಭಿಸುವುದು ಒಳ್ಳೆಯದು. ಅಲ್ಲಿ ಕೂದಲೆಳೆಯ ತಪ್ಪನ್ನು ಬೆಳೆ ಗಮನಿಸುವುದಿಲ್ಲ, ಗೇರು ಮಾತ್ರ ಕ್ಷಮಿಸದು.

ನಿಜವಾದ ಪರೀಕ್ಷೆ 127 ಹಲ್ಲಿನ ಗೇರು. ಇಂಚಿನ ಅಳತೆಯ ಲೀಡ್ ಸ್ಕ್ರೂ ಇರುವ ಹಳೆಯ ಲೇತಿನಲ್ಲಿ ಮಿಲಿಮೀಟರಿನ ಥ್ರೆಡ್ ಕೊರೆಯಲು ಈ ಗೇರು ಬೇಕು; ಒಂದು ಇಂಚು 25.4 ಮಿ.ಮೀ., ಅದರ ಐದು ಪಟ್ಟು 127. ಇದು ಅವಿಭಾಜ್ಯ ಸಂಖ್ಯೆಯಾದ್ದರಿಂದ ಸಾಧಾರಣ ತೂತಿನ ತಟ್ಟೆಗಳಿಗೆ ಸುಲಭವಾಗಿ ಒಗ್ಗದು. 18,000ವನ್ನು 127ರಿಂದ ಭಾಗಿಸಿದರೆ 141.73 ಬರುತ್ತದೆ. ದಶಾಂಶವನ್ನು ಕೈಬಿಟ್ಟು ಪ್ರತಿ ಸಲವೂ 141 ಹೆಜ್ಜೆ ಇಡುವ ಕಂಟ್ರೋಲರ್ ಪೂರ್ಣ ಸುತ್ತಿನಲ್ಲಿ 93 ಹೆಜ್ಜೆ, ಅಂದರೆ 1.86 ಡಿಗ್ರಿ ಹಿಂದೆ ಬೀಳುತ್ತದೆ. ಹಲ್ಲಿನಿಂದ ಹಲ್ಲಿಗಿರುವ ಅಂತರವೇ ಸುಮಾರು 2.83 ಡಿಗ್ರಿ. ಕೊನೆಯ ಹಲ್ಲು ಎಷ್ಟು ವಿಕಾರವಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಸರಿಯಾದ ಪದ್ಧತಿಯಲ್ಲಿ ಪ್ರತಿ ಹಲ್ಲಿನ ಸ್ಥಾನವನ್ನೂ ಆರಂಭದಿಂದಲೇ ಲೆಕ್ಕ ಹಾಕಿ, ಬಳಿಕ ಹತ್ತಿರದ ಪೂರ್ಣಾಂಕಕ್ಕೆ ತರಲಾಗುತ್ತದೆ. ಸ್ಥಾನಗಳು 142, 283, 425, 567 ಎಂದು ಸಾಗುತ್ತವೆ. ನಡುವಿನ ಹೆಜ್ಜೆಗಳು 142, 141, 142, 142. ತಪ್ಪು ಎಲ್ಲಿಯೂ ಅರ್ಧ ಹೆಜ್ಜೆಯನ್ನು ಮೀರದು, ಕೂಡುತ್ತಲೂ ಹೋಗದು. ಕಂಟ್ರೋಲರ್ ಕೊಳ್ಳುವವರು, ಅಥವಾ ಪ್ರೋಗ್ರಾಮನ್ನು ಎಲ್ಲಿಂದಲೋ ಇಳಿಸಿಕೊಂಡು ತಾವೇ ಕಟ್ಟುವವರು, ಮೊದಲು ಪರೀಕ್ಷಿಸಬೇಕಾದ ಅಂಶ ಇದು. ಫಲಕದ ಹೊಳಪು ಆಮೇಲಿನ ಮಾತು.

ಒಂದು ಹೆಜ್ಜೆಯನ್ನು 8 ಅಥವಾ 16 ಭಾಗ ಮಾಡುವ ‘ಮೈಕ್ರೋಸ್ಟೆಪ್’ ಸೌಲಭ್ಯವನ್ನು ಮಾರಾಟಗಾರರು ನಿಖರತೆಯೆಂದು ಬಣ್ಣಿಸುವುದುಂಟು. ಅದರಿಂದ ನಡಿಗೆ ನಯವಾಗುತ್ತದೆ, ಅದುರು ಕಡಿಮೆಯಾಗುತ್ತದೆ, ನಿಜ. ಆದರೆ 16 ಭಾಗ ಮಾಡಿದಾಗ ಒಂದು ಸೂಕ್ಷ್ಮ ಹೆಜ್ಜೆಯ ಹಿಂದಿರುವ ತಿರುಚುಬಲ ಮೋಟಾರಿನ ಹಿಡಿತದ ಬಲದ ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ವರ್ಮ್ ಗೇರಿನ ಘರ್ಷಣೆ ಅದಕ್ಕಿಂತ ಹೆಚ್ಚಿದ್ದರೆ ಸಂಕೇತ ಹೋಗುತ್ತದೆ, ಟೇಬಲ್ ಅಲುಗುವುದಿಲ್ಲ.

ಕಾಣದೆ ಎಣಿಸುವ ಯಂತ್ರ

ಈ ಉಪಕರಣದ ದೊಡ್ಡ ಮಿತಿಯೂ ಇಲ್ಲಿಯೇ ಇದೆ. ತಾನು ಕಳುಹಿಸಿದ ಸಂಕೇತಗಳನ್ನು ಅದು ಎಣಿಸುತ್ತದೆಯೇ ಹೊರತು ಟೇಬಲ್ ತಿರುಗಿತೋ ಇಲ್ಲವೋ ನೋಡುವುದಿಲ್ಲ. ಹಲ್ಲು ಕೊರೆಯುವಾಗ ಟೇಬಲ್ಲನ್ನು ಬಿಗಿದು, ಮುಂದಿನ ಹಲ್ಲಿಗೆ ಸಾಗುವ ಮುನ್ನ ಸಡಿಲಿಸಲು ಮರೆತರೆ ಮೋಟಾರು ನಿಂತಲ್ಲೇ ಗುರುಗುಟ್ಟುತ್ತದೆ; ಫಲಕದ ಅಂಕಿ ಮಾತ್ರ ನಿರಾತಂಕವಾಗಿ ಮುಂದೆ ಹೋಗುತ್ತದೆ. ವೇಗ ಹೆಚ್ಚಿದಂತೆ ಮೋಟಾರಿನ ಬಲ ಕುಗ್ಗುವುದರಿಂದ ಅವಸರದಲ್ಲಿಯೂ ಹೆಜ್ಜೆಗಳು ತಪ್ಪುತ್ತವೆ. 24 ಅಥವಾ 36 ವೋಲ್ಟಿನ ಪೂರೈಕೆ 12 ವೋಲ್ಟಿಗಿಂತ ಮೇಲು, ಆದರೆ ಡ್ರೈವರಿನ ಮಿತಿಯನ್ನು ನೋಡಿಕೊಳ್ಳಬೇಕು. ಎ4988 ಚಿಪ್ಪಿಗೆ 35 ವೋಲ್ಟೇ ಗರಿಷ್ಠ. ವಿದ್ಯುತ್ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಕಳಚಿದರೆ ಡ್ರೈವರ್ ಸುಡಬಹುದು. ಮೋಟಾರಿನ ಮೈ ಮುಟ್ಟಲಾಗದಷ್ಟು ಬಿಸಿಯಾಗುವುದು ಮಾತ್ರ ತಾನಾಗಿ ದೋಷವೇನಲ್ಲ.

ಎಲ್ಲ ಕೆಲಸಕ್ಕೂ ಇದು ಬೇಕೆಂದಿಲ್ಲ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಿಂದ ಕೈಯಾರೆ ಕೆತ್ತುವ ಗೊಂಬೆಗೆ ಇದರಿಂದ ಆಗಬೇಕಾದದ್ದು ಏನೂ ಇಲ್ಲ.

ವಿದ್ಯುತ್ ಹೋದಾಗ

ಕೆಲಸದ ನಡುವೆ ಕರೆಂಟು ಹೋದರೆ ಆಗುವ ನಷ್ಟ ಎರಡು ಬಗೆಯದು. ಎಣಿಕೆಯನ್ನು ನೆನಪಿಟ್ಟುಕೊಳ್ಳುವ ಕಂಟ್ರೋಲರುಗಳಿವೆ. ಆದರೆ ಮೋಟಾರಿನ ಹಿಡಿತ ತಪ್ಪಿ, ವಿದ್ಯುತ್ ಮರಳಿದಾಗ ಅದು ಎರಡು ಹೆಜ್ಜೆಯವರೆಗೆ ಅತ್ತಿತ್ತ ಜಿಗಿದು ನಿಲ್ಲಬಹುದು. ಆದ್ದರಿಂದ ಮುಂದುವರಿಯುವ ಮುನ್ನ, ಕೊರೆದ ಹಲ್ಲಿನ ಸಂದಿಗೆ ನಿಂತ ಕಟರನ್ನು ಇಳಿಸಿ ಸ್ಥಾನವನ್ನು ಹೊಂದಿಸಿಕೊಳ್ಳಬೇಕು. ಎರಡನೆಯದು ದೇಹಕ್ಕೆ ಸಂಬಂಧಿಸಿದ್ದು. ಸ್ವಿಚ್ಚು ಹಾಕಿದಂತೆಯೇ ಉಳಿದ ಮಿಲ್ಲಿಂಗ್ ಯಂತ್ರ, ಕೆಲಸಗಾರ ಚೂರುಗಳನ್ನು ಒರೆಸುತ್ತಿರುವಾಗ ಥಟ್ಟನೆ ತಿರುಗತೊಡಗಿದರೆ ಬೆರಳು ಹೋಗುತ್ತದೆ. ಕರೆಂಟು ಹೋದೊಡನೆ ತಾನಾಗಿ ಬಿಟ್ಟುಕೊಂಡು, ಗುಂಡಿ ಒತ್ತುವವರೆಗೆ ಮತ್ತೆ ಕೂಡದ ಸ್ಟಾರ್ಟರ್ ಯಂತ್ರಕ್ಕೆ ಇರಲೇಬೇಕು. ಕಂಟ್ರೋಲರ್ ಕೂಡ ಗುಂಡಿಯ ಅಪ್ಪಣೆಯಿಲ್ಲದೆ ಹೆಜ್ಜೆ ಇಡುವಂತಿರಬಾರದು.

ಲೋಹ ಮುಟ್ಟುವ ಮುನ್ನ ತಾಲೀಮು ಅಗತ್ಯ. ಟೇಬಲ್ಲಿನ ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಕಟರಿನ ಜಾಗದಲ್ಲಿ ಚೂಪಾದ ಪೆನ್ಸಿಲ್ ಕಟ್ಟಿ, ಒಂದೇ ದಿಕ್ಕಿನಲ್ಲಿ ತಿರುಗಿಸುತ್ತ 127 ಗೆರೆ ಎಳೆಯಬೇಕು. ಹಿಂದೆ ಮುಂದೆ ತಿರುಗಿಸಿದರೆ ವರ್ಮ್ ಗೇರಿನ ಸಡಿಲು ಲೆಕ್ಕವನ್ನು ಕೆಡಿಸುತ್ತದೆ. 128ನೆಯ ಗೆರೆ ಮೊದಲನೆಯದರ ಮೇಲೆಯೇ ಬೀಳಬೇಕು. ಬೀಳದಿದ್ದರೆ ಮೊದಲು ಮೋಟಾರನ್ನು ಹಿಡಿಯ ದಂಡಕ್ಕೆ ಜೋಡಿಸಿದ ತಿರುಪು ಜಾರುತ್ತಿದೆಯೇ ನೋಡಿ, ನಂತರ ವೇಗವನ್ನು ಅರ್ಧಕ್ಕಿಳಿಸಿ ಇನ್ನೊಮ್ಮೆ ಎಳೆದು, ಆಗಲೂ ಅಷ್ಟೇ ತಪ್ಪು ಉಳಿದರೆ ಪ್ರೋಗ್ರಾಮಿನ ಭಾಗಾಕಾರವನ್ನು ತೆರೆದು ನೋಡಬೇಕು.