ಗ್ರಹಣದ ಹಳದಿ ರೇಖೆಯೂ ‘ಡಿ’ ಎಂಬ ಸಂಕೇತವೂ

ಕ್ರಿ. ಶ. 1868ನೆಯ ಆಗಸ್ಟ್ 18ರಂದು ಸಂಭವಿಸಿದ ಪೂರ್ಣ ಸೂರ್ಯಗ್ರಹಣದ ನೆರಳು ಜಮಖಂಡಿಯ ಕಡೆಯಿಂದ ಪೂರ್ವಾಭಿಮುಖವಾಗಿ ಬಂದು, ದೇವದುರ್ಗ, ಮಾನ್ವಿ, ರಾಯಚೂರುಗಳನ್ನೊಳಗೊಂಡ ಕೃಷ್ಣಾ-ತುಂಗಭದ್ರೆಗಳ ನಡುನಾಡನ್ನು ದಾಟಿ, ವನಪರ್ತಿ, ಗುಂಟೂರುಗಳ ಮೇಲೆ ಹಾದು ಮೂಡಣ ಸಮುದ್ರವನ್ನು ಸೇರಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲನೂ, ವನಪರ್ತಿಯಲ್ಲಿ ಮದರಾಸು ವೇಧಶಾಲೆಯ ಚಿಂತಾಮಣಿ ರಘುನಾಥಾಚಾರ್ಯರೂ, ಗುಂಟೂರಿನಲ್ಲಿ ಫ್ರೆಂಚ್ ವಿದ್ವಾಂಸನಾದ ಜಾನ್ಸೆನ್ನನೂ ಅದನ್ನು ವೀಕ್ಷಿಸಿದರು.

ಹೀಲಿಯಂ ಎಂಬ ಮೂಲವಸ್ತು ಅಂದೇ ಪತ್ತೆಯಾಯಿತೆಂಬ ಮಾತು ರೂಢಿಯಲ್ಲಿದೆ. ಅದು ವಿಮರ್ಶೆಗೆ ನಿಲ್ಲತಕ್ಕುದಲ್ಲ. ಸೂರ್ಯನ ಅಂಚಿನ ಜ್ವಾಲೆಗಳ ವರ್ಣಪಟಲದಲ್ಲಿ ಹರ್ಷೆಲನು ಕೆಂಪು, ಕಿತ್ತಳೆ, ನೀಲಿ ರೇಖೆಗಳನ್ನು ಕಂಡು, ಕಿತ್ತಳೆಯದನ್ನು ಸೋಡಿಯಮಿನ ‘ಡಿ’ ರೇಖೆಯೆಂದೇ ಎಣಿಸಿದನು. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರನು ಗ್ರಹಣವಿಲ್ಲದೆಯೇ ಜ್ವಾಲೆಗಳನ್ನು ಪರೀಕ್ಷಿಸಲು, ಆ ರೇಖೆ ಸೋಡಿಯಮಿನ ಜೋಡಿರೇಖೆಗಳಿಂದ ತುಸು ದೂರದಲ್ಲಿರುವುದು ಗೊತ್ತಾಯಿತು. ಸೋಡಿಯಮಿನವುಗಳ ತರಂಗದೈರ್ಘ್ಯ 589.6 ಮತ್ತು 589.0 ನ್ಯಾನೋಮೀಟರು, ಇದರದು 587.6. ಆದುದರಿಂದ ಇದಕ್ಕೆ ‘ಡಿ-3’ ಎಂದು ಹೆಸರಾಯಿತು. 1895ರಲ್ಲಿ ರಾಮ್ಸೆಯು ಖನಿಜವೊಂದರಿಂದ ಹೀಲಿಯಮನ್ನು ಪಡೆದನಂತರ ಸಂದೇಹ ಉಳಿಯಲಿಲ್ಲ.

ಇಲ್ಲಿಯ ‘ಡಿ’ ಎಂಬುದು ಫ್ರೌನ್‌ಹೋಫರನು ಸೌರವರ್ಣಪಟಲದ ಕಪ್ಪು ರೇಖೆಗಳಿಗೆ ಕ್ರಮವಾಗಿ ಇಟ್ಟ ಅಕ್ಷರಗಳಲ್ಲೊಂದು. ಸ್ಥಾನವನ್ನಲ್ಲದೆ ಕಾರಣವನ್ನು ಸೂಚಿಸದು. ಪರಮಾಣುವಿನ ಪದಸಂಕೇತದ ‘ಡಿ’ಯಾದರೋ ಬೇರೆ. 1925ರಲ್ಲಿ ರಸೆಲ್, ಸಾಂಡರ್ಸ್ ಎಂಬವರು ವಿವರಿಸಿದ ಸಂಯೋಜನಕ್ರಮವನ್ನನುಸರಿಸಿ ಬರೆಯುವ ಈ ಸಂಕೇತದಲ್ಲಿ ಎಸ್, ಪಿ, ಡಿ, ಎಫ್ ಅಕ್ಷರಗಳು ಎಲೆಕ್ಟ್ರಾನುಗಳ ಕಕ್ಷೀಯ ಕೋನೀಯ ಸಂವೇಗದ 0, 1, 2, 3 ಎಂಬ ಸಂಖ್ಯೆಗಳಿಗೆ ಸಲ್ಲುತ್ತವೆ. ಎಡಬದಿಯ ಮೇಲಂಕಿಯು ಒಟ್ಟು ಸ್ವಭ್ರಮಣಸಂಖ್ಯೆಯ ಇಮ್ಮಡಿಗೆ ಒಂದನ್ನು ಕೂಡಿದುದು. ಬಲಬದಿಯ ಕೆಳಗಂಕಿಯು ಇವೆರಡರ ಸಂಯೋಜನದಿಂದಾದ ಒಟ್ಟು ಕೋನೀಯ ಸಂವೇಗದ ಸಂಖ್ಯೆ. ಆದಕಾರಣ ³ಡಿ₃ ಎಂದರೆ ಸ್ವಭ್ರಮಣ 1, ಕಕ್ಷೀಯ 2, ಒಟ್ಟು 3 ಎಂದರ್ಥ. ‘ಡಿ-3’ ರೇಖೆಯ ಮೂರಕ್ಕೂ ಇದರ ಮೂರಕ್ಕೂ ಸಂಬಂಧವಿಲ್ಲ.

ಈ ಸಂಕೇತದಿಂದ ನೋಡಿದರೆ ಎರಡು ಹಳದಿಗಳ ಭೇದ ಸ್ಫುಟವಾಗುತ್ತದೆ. ಸೋಡಿಯಮಿನ ಬೆಳಕು ²ಪಿ ಸ್ಥಿತಿಯಿಂದ ²ಎಸ್ ಸ್ಥಿತಿಗೆ ಇಳಿಯುವಾಗ ಹೊಮ್ಮುತ್ತದೆ. ²ಪಿ ಸ್ಥಿತಿಗೆ 1/2, 3/2 ಎಂಬ ಎರಡು ಒಟ್ಟುಗಳಿರುವುದರಿಂದಲೇ ರೇಖೆ ಜೋಡಿಯಾಗಿದೆ. ಹೀಲಿಯಮಿನದು ಎರಡು ಎಲೆಕ್ಟ್ರಾನುಗಳ ಸ್ವಭ್ರಮಣಗಳು ಏಕಮುಖವಾಗಿರುವ ³ಡಿ ಸ್ಥಿತಿಯಿಂದ ³ಪಿ ಸ್ಥಿತಿಗೆ ಆಗುವ ಇಳಿತ.

ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯೆಂಬುದನ್ನು 3, 4 ಮಾತ್ರೆಗಳ ಗಣಗಳನ್ನೆಣಿಸಿ ನಿರ್ಣಯಿಸುವರಲ್ಲದೆ ಕಿವಿಯ ಅಂದಾಜಿನಿಂದಲ್ಲ. ಅಂತೆಯೇ ಬೆಳಕಿನ ಮೂಲನಿರ್ಣಯಕ್ಕೆ ಕಣ್ಣಿಗೆ ಕಂಡ ಬಣ್ಣ ಸಾಲದು. 1868ರ ಆ ದಿನ ದೊರೆತುದು ರೇಖೆ. ಅದರ ಅರ್ಥನಿರ್ಣಯಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.